ಹಳೆಯ ಬೈಕು, ಉಪ್ಪಿನ ಬಯಲು

ಸಭಿಕರೇ,

ಪುಣೆಯ ಭೋಸರಿಯಲ್ಲಿ, ಕಾರ್ಖಾನೆಯ ಉಪಕರಣ ತಯಾರಿಸುವ ಟೂಲ್‌ರೂಮಿನಲ್ಲಿ, ಮೂವತ್ತು ವರ್ಷ ಲೋಹ ಕಡೆಯುವ ಲೇತಿನ ಮುಂದೆ ನಿಂತವನನ್ನು ವೇಗದ ಬಗ್ಗೆ ಮಾತನಾಡಲು ಕರೆದಿದ್ದೀರಿ. ನಾನು ಬೈಕ್ ಸವಾರಿಯಲ್ಲಿ ಗಟ್ಟಿಗನಲ್ಲ. ಕಾತ್ರಜ್ ಘಾಟಿನಲ್ಲಿ ಹಾಲಿನ ಟೆಂಪೋಗಳೂ ನನ್ನನ್ನು ದಾಟಿಕೊಂಡು ಹೋಗಿವೆ. ಆದರೂ ಒಂದು ಮಾತು ಹೇಳಬೇಕೆನಿಸುತ್ತದೆ: ಹಳೆಯ ಬೈಕುಗಳ ವೇಗದಾಖಲೆಗಳಲ್ಲಿ ಸವಾರನ ಎದೆಗಾರಿಕೆಗೆ ಸಿಕ್ಕಿರುವ ಹೊಗಳಿಕೆಯಲ್ಲಿ ಕಾಲುಭಾಗವೂ ಅವನ ಲೋಹ ಉಜ್ಜುವ ಅರ, ಎರಕ, ಅಳತೆಗಳಿಗೆ ಸಂದಿಲ್ಲ.

ನ್ಯೂಜಿಲೆಂಡಿನ ದಕ್ಷಿಣ ತುದಿಯಲ್ಲಿರುವ ಇನ್ವರ್‌ಕಾರ್ಗಿಲ್ ಊರಿನ ಬರ್ಟ್ ಮನ್ರೋ 1920ರಲ್ಲಿ ಇಂಡಿಯನ್ ಸ್ಕೌಟ್ ಎಂಬ ಬೈಕನ್ನು ಕೊಂಡರು. ಹೆಸರು ಕೇಳಿ ನಮ್ಮದೆಂದು ಹಿಗ್ಗುವುದು ಬೇಡ, ಅದು ಅಮೆರಿಕದ ಕಂಪನಿಯದು. 600 ಸಿಸಿಯ ಆ ಗಾಡಿಯ ಗರಿಷ್ಠ ವೇಗ ಗಂಟೆಗೆ ಸುಮಾರು 88 ಕಿ.ಮೀ. ಅದೇ ಗಾಡಿಯ ಎಂಜಿನ್ನನ್ನು 950 ಸಿಸಿಯವರೆಗೆ ಬೆಳೆಸಿ, 1967ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಅವರು ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 183.59 ಮೈಲಿ, ಎಂದರೆ ಸುಮಾರು 295 ಕಿ.ಮೀ. ವೇಗದ ದಾಖಲೆಯನ್ನು 1000 ಸಿಸಿ ಒಳಗಿನ ವರ್ಗದಲ್ಲಿ ಸ್ಥಾಪಿಸಿದರು.

ನನ್ನಂಥವನಿಗೆ ಆಸಕ್ತಿ ಹುಟ್ಟಿಸುವುದು ಇವೆರಡರ ನಡುವಿನ ನಲವತ್ತೇಳು ವರ್ಷ. ಮನ್ರೋ ಹಳೆಯ ತಗಡಿನ ಡಬ್ಬಿಗಳನ್ನೇ ಅಚ್ಚಾಗಿಸಿ ಪಿಸ್ಟನ್‌ಗಳನ್ನು ಎರಕ ಹೊಯ್ಯುತ್ತಿದ್ದರು, ಟ್ರ್ಯಾಕ್ಟರಿನ ಆಕ್ಸಲ್ಲಿನ ಉಕ್ಕನ್ನು ಕೈಯಿಂದಲೇ ಕೆತ್ತಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮಾಡುತ್ತಿದ್ದರು, ಸೂಕ್ಷ್ಮ ಅಳತೆಯ ಮೈಕ್ರೋಮೀಟರಿನ ಬದಲು ಚಕ್ರದ ಹಳೆಯ ಕಡ್ಡಿಯೊಂದನ್ನು ಬಳಸುತ್ತಿದ್ದರು. ಸುಟ್ಟು, ಸೀಳಿ, ಮುರಿದ ಭಾಗಗಳನ್ನು ಅವರು ಎಸೆಯದೆ ಶೆಡ್ಡಿನ ಹಲಗೆಯ ಮೇಲೆ ಸಾಲಾಗಿ ಇಟ್ಟು, ವೇಗದ ದೇವರಿಗೆ ಅರ್ಪಣೆ ಎಂಬರ್ಥದ ಬರಹ ಬರೆದಿದ್ದರು. ನಮ್ಮಲ್ಲಿ ಆಯುಧಪೂಜೆಗೆ ಲೇತಿಗೆ ಕುಂಕುಮ ಹಚ್ಚುತ್ತೇವೆ. ರಿಜೆಕ್ಟ್ ಆದ ಮಾಲಿಗೆ ಪೂಜೆ ಮಾಡಿದವರನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಏಕೆ ಮುರಿಯಿತು ಎಂಬುದಕ್ಕೆ ಉತ್ತರ ಗಾಳಿಯಲ್ಲಿದೆ. ಗಾಳಿಯ ಪ್ರತಿರೋಧವನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, 88ರಿಂದ 295ಕ್ಕೆ ಹೋಗಲು, ಗಾಡಿಯ ಆಕಾರ ಹಾಗೆಯೇ ಉಳಿದರೆ, ಸುಮಾರು 38 ಪಟ್ಟು ಶಕ್ತಿ ಬೇಕು. ಅಷ್ಟನ್ನು ಯಾವ ಹಳೆಯ ಎಂಜಿನ್ನೂ ಕೊಡಲಾರದು. ಹಾಗಾಗಿ ಆಕಾರವನ್ನೇ ಬದಲಿಸಬೇಕು. ಮನ್ರೋ ಮೀನಿನಂಥ ಕವಚ ಕಟ್ಟಿ ಅದರೊಳಗೆ ಬಗ್ಗಿ ಮಲಗಿದರು. 1948ರಲ್ಲಿ ವಿನ್ಸೆಂಟ್ ಬೈಕಿನ ಮೇಲೆ ಅದೇ ಬಯಲಿನಲ್ಲಿ ಓಡಿದ ರೋಲೀ ಫ್ರೀ, ಗಾಳಿಗೆ ಹರಿದ ಚರ್ಮದ ಉಡುಪನ್ನು ಕಳಚಿ, ಈಜುಚಡ್ಡಿಯಲ್ಲಿ ಬೋರಲು ಮಲಗಿ ಗಂಟೆಗೆ 150.313 ಮೈಲಿ ಮುಟ್ಟಿದ್ದರು. ಚಿತ್ರವಂತೂ ಜಗತ್ಪ್ರಸಿದ್ಧ; ಅನುಕರಣೀಯವಲ್ಲ.

ಬಾನ್‌ವಿಲ್ ಸಮುದ್ರಮಟ್ಟದಿಂದ ಸುಮಾರು 1,285 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ಮಹಾಬಳೇಶ್ವರದಷ್ಟು. ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿ ಬೈಕನ್ನು ಪುಣೆಯಿಂದ ಆ ಗುಡ್ಡಕ್ಕೆ ಹತ್ತಿಸಿದವರಿಗೆ ಎಂಜಿನ್ ಅಲ್ಲಿ ಹೇಗೆ ಮಂಕಾಗುತ್ತದೆಂದು ಗೊತ್ತು: ಗಾಳಿ ತೆಳುವಾಗುತ್ತದೆ, ಪೆಟ್ರೋಲ್ ಅದಕ್ಕೆ ತಕ್ಕಂತೆ ಕಡಿಮೆಯಾಗುವುದಿಲ್ಲ. ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿಗೆ ಸಣ್ಣ ಜೆಟ್, ಎಂದರೆ ಪೆಟ್ರೋಲ್ ಹರಿಯುವ ಕಿರಿದಾದ ರಂಧ್ರ, ಹಾಕಿದರೂ ಶಕ್ತಿ ಪೂರ್ತಿ ಮರಳುವುದಿಲ್ಲ; ಆದರೆ ಅದೇ ತೆಳು ಗಾಳಿ ಎದುರಿನಿಂದ ತಡೆಯುವುದೂ ಕಡಿಮೆ.

ದಾಖಲೆಗೆ ಒಂದೇ ಓಟ ಸಾಲದು. ಬೆನ್ನಿಗೆ ಬಂದ ಗಾಳಿಯ ಲಾಭ ಯಾರಿಗೂ ದಕ್ಕಬಾರದೆಂದು ಅಂತಾರಾಷ್ಟ್ರೀಯ ನಿಯಮದಲ್ಲಿ ಎದುರುಬದುರು ದಿಕ್ಕುಗಳ ಎರಡು ಓಟಗಳ ಸರಾಸರಿಯನ್ನು ತೆಗೆಯುತ್ತಾರೆ. ಈ ಸರಾಸರಿಯ ಲೆಕ್ಕದಲ್ಲಿಯೇ ಮನ್ರೋ ಅವರಿಗೆ ಅನ್ಯಾಯವಾಗಿತ್ತು. ಅವರು ತೀರಿಕೊಂಡ 36 ವರ್ಷಗಳ ನಂತರ, 2014ರಲ್ಲಿ, ಮಗ ತಪ್ಪನ್ನು ಗುರುತಿಸಿದ ಮೇಲೆ, ಅಮೆರಿಕದ ಮೋಟಾರ್‌ಸೈಕಲ್ ಸಂಘವು 1967ರ ಅಂಕಿಯನ್ನು 184.087 ಮೈಲಿಗೆ ತಿದ್ದಿತು. ಚಕ್ರದ ಕಡ್ಡಿಯಿಂದ ಅಳೆದ ಪಿಸ್ಟನ್ ಸರಿಯಾಗಿಯೇ ಓಡಿತ್ತು.