ಕಮಾನಿನ ಕೆಳಗಿನ ಜಗಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಊರಿಂದ ನೆಂಟರು ಬಂದರೆ ನಾವು ಮುಂಬೈ ಕನ್ನಡಿಗರು ಅವರನ್ನು ವಿ.ಟಿ., ಅಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸ್ಟೇಷನ್ನಿನ ಮುಂದೆ ನಿಲ್ಲಿಸಿ ಗುಮ್ಮಟ ತೋರಿಸುತ್ತೇವೆ, ಫೋಟೋ ತೆಗೆಯುತ್ತೇವೆ. ಸಂತೋಷ. ಆದರೆ ಇವತ್ತು ಕತ್ತೆತ್ತಿ ನೋಡುವುದು ಬೇಡ. ಎದುರಿನ ದಾದಾಭಾಯಿ ನವರೋಜಿ ರಸ್ತೆಗೆ ಬನ್ನಿ. ಕಟ್ಟಡಗಳ ಬುಡದಲ್ಲಿ ಸಾಲು ಕಮಾನು, ಒಳಗೆ ನಡೆಯುವ ದಾರಿ, ತಲೆಯ ಮೇಲೆ ಮೊದಲ ಮಹಡಿ. ನಮ್ಮೂರ ಮನೆಗಳ ಮುಂದಿನ ಜಗಲಿ ಇದೆಯಲ್ಲ, ಅದೇ. ಬೀದಿಗೆ ಬೀದಿಯೇ ಹಾಕಿಕೊಂಡ ಜಗಲಿ.

ಇದರ ಬೆಲೆ ನನಗೆ ಮೊದಲು ಗೊತ್ತಾದದ್ದು ಚಿಕ್ಕಪ್ಪನ ಚಹಾ ಕೆಟಲಿನಿಂದ. ಕುಂದಾಪುರದಿಂದ ಬಂದ ಅವರು ಇದೇ ಫೋರ್ಟ್ ಪ್ರದೇಶದ, ಅಂದರೆ ಹಳೇ ಕೋಟೆ ಇದ್ದ ಜಾಗದ, ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಹಗಲು ಆಫೀಸುಗಳಿಗೆ ಚಹಾ, ಸಂಜೆ ಕನ್ನಡ ರಾತ್ರಿ ಶಾಲೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಜುಲೈ ಮಧ್ಯಾಹ್ನ ಜೊತೆಗೆ ಕರೆದೊಯ್ದರು. ಧೋ ಎಂದು ಮಳೆ. ಒಂದು ಕೈಯಲ್ಲಿ ಕೆಟಲು, ಇನ್ನೊಂದರಲ್ಲಿ ಆರು ಗ್ಲಾಸಿನ ತಂತಿ ಸ್ಟ್ಯಾಂಡು. ಕೊಡೆ ಹಿಡಿಯಲು ಮೂರನೇ ಕೈ ಎಲ್ಲಿದೆ? ಅವರು ಕಮಾನಿನಿಂದ ಕಮಾನಿಗೆ ಆರಾಮಾಗಿ ನಡೆದರು. ಅಡ್ಡ ಗಲ್ಲಿ ಬಂದಾಗ ಮಾತ್ರ ನಿಂತು, ಕಂಕುಳಲ್ಲಿದ್ದ ಹಳೇ ಪೇಪರನ್ನು ನನಗೆ ಕೊಟ್ಟು, "ಗ್ಲಾಸಿನ ಮೇಲೆ ಹಿಡಿ ಮಾಣಿ, ಓಡು" ಎನ್ನುತ್ತಿದ್ದರು. ಆಚೆ ಕಮಾನು ಸೇರಿದ ಕೂಡಲೇ ಪೇಪರು ಮತ್ತೆ ಕಂಕುಳಿಗೆ. ಆಫೀಸು ಮುಟ್ಟಿದಾಗ ಗ್ಲಾಸಿಗೆ ಒಂದು ಹನಿ ಬಿದ್ದಿರಲಿಲ್ಲ. ನನ್ನ ಭುಜ ಮಾತ್ರ ಒದ್ದೆ.

ಇದು ತಾನಾಗಿ ಆದದ್ದಲ್ಲ. 1860ರ ದಶಕದಲ್ಲಿ ಕೋಟೆ ಗೋಡೆ ಕೆಡವಿದ ಮೇಲೆ ಈ ರಸ್ತೆ ಅಗಲವಾಯಿತು. ಆಗ ಇದು ಹಾರ್ನ್‌ಬಿ ರಸ್ತೆ. 1896ರಲ್ಲಿ ಕಾಯ್ದೆಯೇ ಬಂತು: ಕಟ್ಟುವವರು ಕೆಳಗೆ ಕಮಾನಿನ ಕಾಲುದಾರಿ ಬಿಡಲೇಬೇಕು. ಮೇಲೆ ಒಬ್ಬ ಗಾಥಿಕ್ ಕಟ್ಟಿದ, ಇನ್ನೊಬ್ಬ ಗ್ರೀಕ್ ಕಂಬ ನಿಲ್ಲಿಸಿದ. ಕೆಳಗಿನ ಜಗಲಿ ಮಾತ್ರ ಊರಿನದು. ಮಾಲೀಕನಿಗೇನು ನಷ್ಟ? ಮಹಡಿ ಅವನದೇ, ನಡೆಯುವ ಜನ ಅವನ ಅಂಗಡಿ ಬಾಗಿಲಲ್ಲೇ. ನೆರಳು ಕೊಡಿ, ಜನ ನಡೆಯುತ್ತಾರೆ.

ಈಗ ಕಟ್ಟುವುದನ್ನು ನೋಡಿ. ಮೊದಲು ಕಾಂಪೌಂಡು, ಅದರ ಹಿಂದೆ ಮಹಡಿ ಮಹಡಿಯಾಗಿ ಪಾರ್ಕಿಂಗ್. ಮೊನ್ನೆ ಒಂದು ಹೊಸ ಕಚೇರಿಗೆ ಹೋಗಿದ್ದೆ. ಸ್ಟೇಷನ್ನಿನಿಂದ ಕೂಗಳತೆ ದೂರ, ಮುಟ್ಟುವಷ್ಟರಲ್ಲಿ ಅಂಗಿ ಬೆವರಿಗೆ ತೊಯ್ದಿತ್ತು. "ಈಗಿನವರಿಗೆ ನಡೆಯುವ ಅಭ್ಯಾಸ ಇಲ್ಲ" ಎಂದು ಅಲ್ಲಿನವರು ನನಗೇ ಹೇಳಿದರು. ನೆರಳೆಲ್ಲಿದೆ ಸ್ವಾಮಿ, ನಡೆಯಲು? ನೆರಳು ಕೊಡಿ, ನಡೆಯುತ್ತಾರೆ.

ಕಮಾನಿನೊಳಗೆ ವ್ಯಾಪಾರಕ್ಕೆ ಕೂತವರನ್ನು ಎಬ್ಬಿಸಿ ಎನ್ನುವವರಿಗೆ ಒಂದು ಮಾತು. ನೆರಳಿದ್ದಲ್ಲಿ ಸಂತೆ ಕೂಡುತ್ತದೆ. ಕಂಬದ ಬದಿಗೆ ಜಾಗ ಗುರುತಿಸಿ ಕೊಡಿ, ನಡುವಿನ ದಾರಿ ಬಿಡಿಸಿ. ಹಾರ್ನಿಮನ್ ಸರ್ಕಲ್ಲಿನ ಕಮಾನು, 2018ರಲ್ಲಿ ವಿಶ್ವ ಪರಂಪರೆಗೆ ಸೇರಿದ ಓವಲ್ ಮೈದಾನದ ಸುತ್ತಿನ ಕಟ್ಟಡಗಳು, ಎಲ್ಲ ಹೇಳಬೇಕೆಂದಿದ್ದೆ. ಆದರೆ ಸಮಯವಾಯಿತೆಂದು ಸ್ಟುಡಿಯೋದ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ.

ಮಳೆ ಬರುವ ದಿನ ವಿ.ಟಿ.ಯಿಂದ ಈ ರಸ್ತೆಯ ಕೊನೆಯ ಫ್ಲೋರಾ ಫೌಂಟನ್ ಕಾರಂಜಿಯವರೆಗೆ ಕಮಾನಿನ ಕೆಳಗೇ ನಡೆಯಿರಿ. ಕೊಡೆ ಎಷ್ಟು ಸಲ ಬಿಚ್ಚಬೇಕಾಯಿತೆಂದು ಬೆರಳು ಮಡಚಿ ಎಣಿಸಿ. ನಮಸ್ಕಾರ.