ರೇಡಿಯೊ ಸುಮ್ಮನಾದರೆ ನಿಮ್ಮ ಸ್ಕ್ರೀನ್ ಏನು ತೋರಿಸುತ್ತದೆ?

ನಮಸ್ಕಾರ. ಮುಧೋಳ, ಜಮಖಂಡಿ ಕಡೆ ಯಾವುದೇ ಸಕ್ಕರೆ ಕಾರ್ಖಾನೆಗೆ ಹೋಗಿ ವೈರ್‌ಲೆಸ್ ಸೆನ್ಸರ್ ಅಂತ ಬಾಯಿ ಬಿಟ್ಟರೆ ಸಾಕು, ಮೊದಲ ಪ್ರಶ್ನೆ ಒಂದೇ. ‘ಎಷ್ಟು ಕಿಲೋಮೀಟರ್ ಹೊಡೀತೈತ್ರಿ?’ ಮಾರುವವರೂ ಅದಕ್ಕೆ ತಯಾರಾಗಿಯೇ ಬಂದಿರುತ್ತಾರೆ. ಒಬ್ಬರು ಹತ್ತು ಅಂತಾರೆ, ಇನ್ನೊಬ್ಬರು ಹದಿನೈದು ಅಂತಾರೆ, ಆರ್ಡರ್ ಹದಿನೈದರವರಿಗೆ. ನನ್ನ ತಕರಾರು ಏನಂದರೆ, ಇದು ಎರಡನೇ ಪ್ರಶ್ನೆ ಆಗಬೇಕು. ಆ ಕಡೆಯಿಂದ ರೀಡಿಂಗ್ ಬರುವುದು ನಿಂತರೆ ಈ ಕಡೆ ಕೂತವರಿಗೆ ಹೇಗೆ ಗೊತ್ತಾಗುತ್ತದೆ, ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ? ಇದನ್ನು ಯಾರೂ ಕೇಳುವುದಿಲ್ಲ.

ನಮ್ಮ ಕಡೆ ವ್ಯವಸ್ಥೆ ಹೇಗಿರುತ್ತದೆ ಗೊತ್ತಲ್ವಾ. ಕೃಷ್ಣಾ ಇಲ್ಲ ಘಟಪ್ರಭಾ ದಂಡೆಯಲ್ಲಿ ಜಾಕ್‌ವೆಲ್, ಅಂದರೆ ನದಿ ನೀರೆತ್ತುವ ಪಂಪ್ ಕೂತ ಬಾವಿ, ಐದೋ ಎಂಟೋ ಕಿಲೋಮೀಟರ್ ಆಚೆ ಕಾರ್ಖಾನೆ, ನಡುವೆ ಬರೀ ಕಬ್ಬು. ಕಾರ್ಖಾನೆಯ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಅಂತ ನೋಡಿಕೊಂಡು ದಂಡೆಯ ಪಂಪ್ ಚಾಲೂ ಮಾಡಬೇಕು, ಬಂದ್ ಮಾಡಬೇಕು. ಕೇಬಲ್ ಎಳೆಯೋಣ ಅಂದರೆ ಎಷ್ಟೋ ಜನರ ಹೊಲ ದಾಟಬೇಕು, ರಸ್ತೆ ಅಗೆಯಬೇಕು, ಅಷ್ಟೆಲ್ಲಾ ಮಾಡಿದ ಮೇಲೆ ಒಂದು ದಿನ ಜೆಸಿಬಿ ಬಂದು ಕಿತ್ತು ಹಾಕುತ್ತದೆ. ಹಾಗಾಗಿ ರೇಡಿಯೊ ಬೇಕೇ ಬೇಕು. ಅದು ಬೇಡ ಅಂತ ನಾನು ಹೇಳುತ್ತಿಲ್ಲ.

ನನಗೆ ಗೊತ್ತಿರುವ ಒಂದು ಕಾರ್ಖಾನೆ, ಹೆಸರು ಬೇಡ. ಕಬ್ಬು ನುರಿಸುವ ಹಂಗಾಮು, ರಾತ್ರಿ ಪಾಳಿ. ಟ್ಯಾಂಕ್ ತುಂಬಿ ಹಿಂದಿನ ಯಾರ್ಡಿನ ತುಂಬಾ ನೀರು. ಜಾಕ್‌ವೆಲ್‌ಗೆ ಫೋನ್ ಮಾಡಿದರೆ ಅಲ್ಲಿಯ ಆಪರೇಟರ್ ತಣ್ಣಗೆ, ‘ಸಾಹೇಬ್ರ, ಇಲ್ಲಿ ಅರವತ್ತೆಂಟ ತೋರಸಾಕತ್ತೈತ್ರಿ, ಇನ್ನೂ ತುಂಬಬೇಕು’ ಅಂದ. ಅವನು ಸುಳ್ಳು ಹೇಳಲಿಲ್ಲ. ಸ್ಕ್ರೀನ್ ಸಂಜೆಯಿಂದ ಶೇಕಡ 68ರಲ್ಲೇ ನಿಂತಿತ್ತು. ಟ್ಯಾಂಕ್ ಹತ್ತಿರ ಯಾರೋ ಪುಣ್ಯಾತ್ಮ ರೇಡಿಯೊದ ಅಡಾಪ್ಟರ್ ಕಿತ್ತು ಮೊಬೈಲ್ ಚಾರ್ಜರ್ ಹಾಕಿದ್ದ. 90ಕ್ಕೆ ಪಂಪ್ ನಿಲ್ಲಿಸು ಅಂತ ಸೆಟ್ಟಿಂಗ್, 68 ಯಾವತ್ತೂ 90 ಆಗಲಿಲ್ಲ. ಆಂಟೆನಾ ಸರಿ ಇತ್ತು, ಅಡಾಪ್ಟರ್ ಕೀಳುವವರೆಗೆ ಸಿಗ್ನಲ್ ಸರಿ ಇತ್ತು, ಕಿಲೋಮೀಟರ್‌ನಲ್ಲಿ ಯಾವ ಕೊರತೆಯೂ ಇರಲಿಲ್ಲ.

ಇದರಲ್ಲಿ ಬೇಸರದ ಸಂಗತಿ ಏನಂದರೆ, ಹಳೇ ತಂತಿಯಲ್ಲಿ ಈ ತೊಂದರೆಗೆ ಉತ್ತರ ಮೊದಲೇ ಇತ್ತು. ಇನ್‌ಸ್ಟ್ರುಮೆಂಟ್ ವಿಭಾಗದವರಿಗೆ 4-20 ಮಿಲಿಆಂಪಿಯರ್ ಲೂಪ್, ಅಂದರೆ ಸೆನ್ಸರ್‌ನ ಅಳತೆಯನ್ನು ತಂತಿಯ ಕರೆಂಟ್ ಆಗಿ ಕಳಿಸುವ ಪದ್ಧತಿ, ಹೊಸದಲ್ಲ. ಟ್ಯಾಂಕ್ ಖಾಲಿ ಇದ್ದರೂ ತಂತಿಯಲ್ಲಿ 4 ಮಿಲಿಆಂಪಿಯರ್ ಹರಿಯುತ್ತಿರುತ್ತದೆ, ತುಂಬಿದರೆ 20. ಸೊನ್ನೆಯಿಂದ ಯಾಕೆ ಶುರು ಮಾಡಲಿಲ್ಲ? ಒಂದು ದೊಡ್ಡ ಕಾರಣ ಇದೇ: ತಂತಿ ಹರಿದರೆ ಕರೆಂಟ್ ಸೊನ್ನೆಗೆ ಬೀಳುತ್ತದೆ, ಸೊನ್ನೆ ಬಂತು ಅಂದರೆ ಅದು ಟ್ಯಾಂಕಿನ ಸುದ್ದಿ ಅಲ್ಲ, ತಂತಿಯ ಸುದ್ದಿ ಅಂತ ತಕ್ಷಣ ತಿಳಿಯುತ್ತದೆ. ಕಾರ್ಖಾನೆಗಳ ಆಟೊಮೇಶನ್ ಬಳಕೆದಾರರ ಸಂಘಟನೆ ನಾಮೂರ್, ಅದರ ಎನ್ಇ 43 ಶಿಫಾರಸು ಇನ್ನೂ ಖಚಿತ: 3.6ಕ್ಕೆ ಇಳಿದರೂ 21ಕ್ಕೆ ಏರಿದರೂ ಅದನ್ನು ಅಳತೆ ಅಂತ ತೆಗೆದುಕೊಳ್ಳಬೇಡಿ, ದೋಷ ಅಂತ ತೆಗೆದುಕೊಳ್ಳಿ. ಅಷ್ಟು ಬುದ್ಧಿ ಎರಡು ತಂತಿಗೆ ಇತ್ತು. ಅದೇ ಸೆನ್ಸರ್‌ಗೆ ರೇಡಿಯೊ ಕಟ್ಟಿ, ಮೊಬೈಲ್‌ನಲ್ಲಿ ಗ್ರಾಫ್ ಬರುತ್ತದೆ ಅಂತ ಖುಷಿಪಡುವ ಗಡಿಬಿಡಿಯಲ್ಲಿ ಅದನ್ನು ಕಳೆದುಕೊಂಡೆವು.

ಎಲ್ಲಿ ಕಳೆಯುತ್ತದೆ ಹೇಳುತ್ತೇನೆ. ರೇಡಿಯೊ ಸಂದೇಶ ಹಿಡಿದು ಕಂಟ್ರೋಲ್ ಕಡೆಗೆ ದಾಟಿಸುವ ಪೆಟ್ಟಿಗೆಗೆ ಗೇಟ್‌ವೇ ಅಂತಾರೆ. ಎಷ್ಟೋ ಗೇಟ್‌ವೇಗಳಲ್ಲಿ ಆ ಕಡೆಯಿಂದ ಉತ್ತರ ಬರದೇ ಇದ್ದರೆ ಕೊನೆಯ ರೀಡಿಂಗ್ ಹಾಗೇ ಅದರ ರಿಜಿಸ್ಟರ್‌ನಲ್ಲಿ, ಅಂದರೆ ಮೆಮೊರಿಯ ಒಂದು ಖಾನೆಯಲ್ಲಿ, ಕೂತಿರುತ್ತದೆ. ಪಂಪ್ ನಡೆಸುವ ಕಂಟ್ರೋಲರ್, ಅಂದರೆ ಪಿಎಲ್‌ಸಿ, ಮಾಡ್‌ಬಸ್ ಅನ್ನುವ ಸಂಪರ್ಕ ಭಾಷೆಯಲ್ಲಿ ಓದಿದಾಗಲೆಲ್ಲ ಅದೇ 68 ಸಿಗುತ್ತದೆ, ಅದು ಈಗಿನದೋ ನಿನ್ನೆಯದೋ ಅದಕ್ಕೇನು ಗೊತ್ತು. ಕೆಲವದರಲ್ಲಿ ಸೊನ್ನೆ ಮಾಡುವ ಸೆಟ್ಟಿಂಗ್ ಇರುತ್ತದೆ, ಅದು ಇನ್ನೂ ಕೆಟ್ಟದ್ದು, ಟ್ಯಾಂಕ್ ಖಾಲಿ ಅಂದುಕೊಂಡು ಪಂಪ್ ಓಡುತ್ತಲೇ ಇರುತ್ತದೆ. ಬ್ಯಾಟರಿ ಉಳಿಸಲು ‘ಬದಲಾದರೆ ಮಾತ್ರ ಕಳಿಸು’ ಅಂತ ಹಾಕುತ್ತಾರಲ್ಲ, ಅಲ್ಲಿ ಮಜಾ ನೋಡಿ, ನೀರು ಅಷ್ಟೇ ಇದ್ದರೂ ಮೌನ, ಸೆನ್ಸರ್ ಸತ್ತರೂ ಮೌನ. ಹಾಗಾಗಿ ಏನೂ ಬದಲಾಗದಿದ್ದರೂ ಐದು ನಿಮಿಷಕ್ಕೊಮ್ಮೆ ‘ಇದ್ದೀನಿ’ ಅಂತ ಒಂದು ಸಂದೇಶ ಬರಲೇಬೇಕು, ಬ್ಯಾಟರಿ ಸ್ವಲ್ಪ ಜಾಸ್ತಿ ಹೋದರೆ ಹೋಗಲಿ.

ಸಮಯದ ವಿಷಯದಲ್ಲೂ ಇದೇ ಕಥೆ. ಎಷ್ಟೋ ಕಡೆ ಸರ್ವರ್ ತನಗೆ ಸಂದೇಶ ಬಂದ ಹೊತ್ತನ್ನು ಬರೆದುಕೊಳ್ಳುತ್ತದೆ, ಅಳತೆ ಆದ ಹೊತ್ತನ್ನಲ್ಲ. ರಾತ್ರಿಯೆಲ್ಲಾ ಲಿಂಕ್ ಇರದೆ ಬೆಳಿಗ್ಗೆ ಒಟ್ಟಿಗೆ ಬಂದ ರೀಡಿಂಗ್‌ಗಳೆಲ್ಲ ಬೆಳಿಗ್ಗೆಯ ರೀಡಿಂಗ್ ಆಗಿಬಿಡುತ್ತವೆ. ಅಳತೆಯ ಜೊತೆ ಅದರ ಸಮಯವೂ ಸೆನ್ಸರ್ ಕಡೆಯಿಂದಲೇ ಬರಬೇಕು.

ಇದೆಲ್ಲ ಹೊಸ ಸಂಶೋಧನೆ ಏನಲ್ಲ. ಸೆನ್ಸರ್ ಸಂದೇಶ ಸಾಗಿಸುವ ಎಂಕ್ಯೂಟಿಟಿ (MQTT) ಅಂತ ಒಂದು ಪದ್ಧತಿ ಎಲ್ಲರೂ ಬಳಸುತ್ತೀರಿ. 1999ರಲ್ಲಿ ಆರ್ಲೆನ್ ನಿಪ್ಪರ್ ಮತ್ತು ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಅದನ್ನು ಮಾಡಿದ್ದೇ ತೈಲದ ಪೈಪ್‌ಲೈನ್‌ನ ರೀಡಿಂಗ್‌ಗಳನ್ನು ಸ್ಯಾಟಲೈಟ್ ಮೂಲಕ ತರಲು. ನಾನು ಹೇಳದೆ ಕೇಳದೆ ಕಾಣೆಯಾದರೆ ಈ ಸಂದೇಶವನ್ನು ಎಲ್ಲರಿಗೂ ತಲುಪಿಸು ಅಂತ ಸೆನ್ಸರ್ ಮೊದಲೇ ಬ್ರೋಕರ್ (ಸಂದೇಶ ಹಂಚುವ ಸರ್ವರ್) ಹತ್ತಿರ ಬರೆದಿಡುವ ಸೌಲಭ್ಯ ಅದರಲ್ಲಿದೆ. ನಮ್ಮವರು ಅದನ್ನು ಬಳಸುವುದೇ ಕಡಿಮೆ.

ದೂರದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲಾಂದರೆ ಕಾಮೆಂಟ್‌ನಲ್ಲಿ ಬಿಡಲ್ಲ ನೀವು. ಕಡಿಮೆ ಬ್ಯಾಟರಿಯಲ್ಲಿ ದೂರ ಹೋಗುವ ಲೋರಾ ರೇಡಿಯೊ ನಮ್ಮಲ್ಲಿ 865 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಓಡುತ್ತದೆ, ಲೈಸೆನ್ಸ್ ಬೇಡ, 2005ರ ನಿಯಮದಲ್ಲೇ 1 ವ್ಯಾಟ್ ಟ್ರಾನ್ಸ್‌ಮಿಟರ್‌ಗೆ ಅವಕಾಶ ಕೊಟ್ಟಿದ್ದರು. ಟ್ಯಾಂಕ್ ಲೆವೆಲ್ ಅಂದರೆ ಕೆಲವೇ ಬೈಟ್, ಅದಕ್ಕೆ ಧಾರಾಳ ಸಾಕು. ಆದರೆ ರೇಡಿಯೊ ಅಲೆ ದಾರ ಎಳೆದ ಹಾಗೆ ಹೋಗುವುದಿಲ್ಲ, ನಡುವೆ ಉಬ್ಬಿಕೊಂಡು ಹೋಗುತ್ತದೆ, ಫ್ರೆನೆಲ್ ಝೋನ್ ಅಂತಾರೆ. 8 ಕಿಲೋಮೀಟರ್ ಲಿಂಕ್‌ಗೆ ನಟ್ಟನಡುವೆ ಅದರ ತ್ರಿಜ್ಯ ಸುಮಾರು 26 ಮೀಟರ್, ಅದರಲ್ಲಿ ಶೇಕಡ 60ರಷ್ಟಾದರೂ ಖಾಲಿ ಇರಬೇಕು, ಅಂದರೆ ಸುಮಾರು 16 ಮೀಟರ್. ಜಾಕ್‌ವೆಲ್ ಚಾವಣಿ ಮೇಲೆ ಒಂದು ಗಳ ನೆಟ್ಟರೆ ಎಲ್ಲಿ ಸಾಕಾಗುತ್ತದೆ? ಕಬ್ಬು ಕಡಿದ ಮೇಲೆ ಏಪ್ರಿಲ್‌ನಲ್ಲಿ ಬಂದು ಟೆಸ್ಟ್ ಮಾಡುತ್ತಾರೆ, ಚೆನ್ನಾಗಿ ಬರುತ್ತದೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅಕ್ಟೋಬರ್‌ಗೆ ಅದೇ ಹೊಲದಲ್ಲಿ ಆಳೆತ್ತರ ದಾಟಿದ ಹಸಿ ಎಲೆ, ಮಳೆ ಬೇರೆ. ಆಗ ಲಿಂಕ್ ಬಿಟ್ಟು ಬಿಟ್ಟು ಬರುತ್ತದೆ, ಸ್ಕ್ರೀನ್ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಇರುತ್ತದೆ. ಸಿಮ್ ಹಾಕಿದರೂ ಅಷ್ಟೇ, ಟವರ್‌ಗೆ ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಅದೂ ಸುಮ್ಮನಾಗುತ್ತದೆ.

ಇದು ಬರೀ ನೀರಿನ ವಿಷಯವೂ ಅಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ 17 ವರ್ಗದ ಕಾರ್ಖಾನೆಗಳಿಗೆ ಹೊಗೆ, ಕೊಳಚೆ ನೀರಿನ ಆನ್‌ಲೈನ್ ಮಾನಿಟರಿಂಗ್ ಹಾಕಲು ಹೇಳಿತು. ಸಕ್ಕರೆ, ಡಿಸ್ಟಿಲರಿ, ಸಿಮೆಂಟ್ ಮೂರೂ ಅದರಲ್ಲಿವೆ, ಮೂರೂ ಬಾಗಲಕೋಟೆ ಜಿಲ್ಲೆಯಲ್ಲಿವೆ. ನಿಜವಾದ ಸೆನ್ಸರ್ ಕೊನೆಯ ಅಂಕಿಯಲ್ಲಾದರೂ ಸ್ವಲ್ಪ ಅಲ್ಲಾಡುತ್ತದೆ. ಗ್ರಾಫ್ ಗಂಟೆಗಟ್ಟಲೆ ಸ್ಕೇಲ್ ಇಟ್ಟು ಎಳೆದ ಗೆರೆಯ ಹಾಗಿದ್ದರೆ ನೋಡುವವರಿಗೆ ಅನುಮಾನ ಬಂದೇ ಬರುತ್ತದೆ, ಆಮೇಲೆ ‘ಗೇಟ್‌ವೇ ಹಿಡಿದಿಟ್ಟುಕೊಂಡಿತ್ತು’ ಅಂದರೆ ಯಾರು ನಂಬುತ್ತಾರೆ?

ಹಾಗಾದರೆ ಏನು ಮಾಡಬೇಕು? ಮೂರು ‘ಇದ್ದೀನಿ’ ತಪ್ಪಿದರೆ ಸ್ಕ್ರೀನ್‌ನಿಂದ ಅಂಕಿಯನ್ನೇ ತೆಗೆಯಿರಿ. ಬೂದು ಬಣ್ಣ ಮಾಡುವುದು ಸಾಲದು, ರಾತ್ರಿ ಎರಡು ಗಂಟೆಗೆ ಯಾರಿಗೂ ಬೂದು ಕಾಣುವುದಿಲ್ಲ, ಅಲ್ಲಿ ಅಂಕಿಯೇ ಇರಬಾರದು. ಪಂಪ್ ಆಗ ನಿಲ್ಲಬೇಕೋ ಓಡಬೇಕೋ ಅನ್ನುವುದನ್ನು ಮೊದಲೇ ಕೂತು ತೀರ್ಮಾನಿಸಿ, ಅದು ಪ್ರೋಗ್ರಾಮರ್ ತೀರ್ಮಾನ ಅಲ್ಲ, ನೀರು ಬಳಸುವವರ ತೀರ್ಮಾನ. ನುರಿಸುವಾಗ ನೀರು ನಿಂತರೆ ಎಷ್ಟು ನಷ್ಟ, ಉಕ್ಕಿ ಹರಿದರೆ ಎಷ್ಟು ನಷ್ಟ, ಲೆಕ್ಕ ಅವರಿಗೇ ಗೊತ್ತು. ಟ್ಯಾಂಕ್ ತುಂಬಿದಾಗ ನೀರು ಒಳಬರುವ ಪೈಪಿನ ವಾಲ್ವ್ ಮುಚ್ಚುವ ಫ್ಲೋಟ್, ಪಂಪಿಗೆ ನೀರಿಲ್ಲದೆ ಓಡದಂತೆ ಮತ್ತು ಆ ವಾಲ್ವ್ ಮುಚ್ಚಿ ಪ್ರೆಶರ್ ಏರಿದರೆ ನಿಲ್ಲುವಂತೆ ರಕ್ಷಣೆ, ಇವೆಲ್ಲ ಆಯಾ ಜಾಗದಲ್ಲೇ ತಂತಿಯಲ್ಲಿ ಇರಲಿ. ಇವನ್ನು ಎಂಟು ಕಿಲೋಮೀಟರ್ ರೇಡಿಯೊ ಮೇಲೆ ಬಿಡಬೇಡಿ.

ಕೊನೆಯ ಬಿಲ್ ಪಾಸ್ ಮಾಡುವ ಮುಂಚೆ ಸಪ್ಲೈಯರ್‌ನವರನ್ನು ಕಂಟ್ರೋಲ್ ರೂಮ್‌ನಲ್ಲಿ ಕೂರಿಸಿ, ಟ್ಯಾಂಕ್ ಹತ್ತಿರ ನಿಮ್ಮ ಎಲೆಕ್ಟ್ರಿಷಿಯನ್‌ಗೆ ಹೇಳಿ ಅಡಾಪ್ಟರ್ ಕೀಳಿಸಿ. ಎಷ್ಟು ನಿಮಿಷಕ್ಕೆ ಅಂಕಿ ಹೋಯಿತು, ಅಲಾರಂ ಎಲ್ಲಿ ಕೂಗಿತು, ಪಂಪ್ ಏನು ಮಾಡಿತು, ಬರೆದುಕೊಂಡು ಅವರ ಸಹಿ ಹಾಕಿಸಿ. ‘ಹಾಗೆಲ್ಲ ಕಿತ್ತರೆ ವಾರಂಟಿ ಇರಲ್ಲ ಸರ್’ ಅಂತಾರೆ. ಕೀಳಿಸಿ.