ರಕ್ಷಣಾ ಸೈಬರ್ ಸಂಶೋಧನೆ: ಅನುದಾನಕ್ಕೂ ಮೊದಲು ಭದ್ರತೆ

ಕೇಳುಗರೆಲ್ಲರಿಗೂ ನಮಸ್ಕಾರ.

ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರನ್ನೂ, ಓದು ಮುಗಿಸಿ ಸ್ವಂತ ನವೋದ್ಯಮ ಕಟ್ಟಲು ಹೊರಟಿರುವ ಯುವಜನರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ಸೇನೆಗೆ ಬೇಕಾದ ಸೈಬರ್ ತಂತ್ರಜ್ಞಾನವನ್ನು ರೂಪಿಸುವವರಿಗೆ ಸರ್ಕಾರ ಹಣ ಕೊಡುತ್ತದೆ. ಆ ಹಣ ಬೆಂಗಳೂರು, ಹೈದರಾಬಾದಿನವರಿಗಷ್ಟೇ ಮೀಸಲಾದುದಲ್ಲ. 2019ರಲ್ಲಿ ಆರಂಭವಾದ ಟ್ರಿಪಲ್ ಐಟಿ, ಅಂದರೆ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ, ನಮ್ಮ ರಾಯಚೂರಿನಲ್ಲೇ ಇದೆ.

ರಕ್ಷಣಾ ಕ್ಷೇತ್ರದ ಹೊಸ ಆವಿಷ್ಕಾರಗಳಿಗೆ ನೆರವಾಗಲು ರಕ್ಷಣಾ ಸಚಿವಾಲಯವು 2018ರಲ್ಲಿ ಆರಂಭಿಸಿದ ಐಡೆಕ್ಸ್ ಯೋಜನೆಯಲ್ಲಿ ಒಂದೂವರೆ ಕೋಟಿ ರೂಪಾಯಿಯವರೆಗೆ, ಅದರ ದೊಡ್ಡ ರೂಪವಾದ ಐಡೆಕ್ಸ್ ಪ್ರೈಮ್‌ನಲ್ಲಿ 10 ಕೋಟಿಯವರೆಗೆ, 2024ರಲ್ಲಿ ಬಂದ ಅದಿತಿ ಯೋಜನೆಯಲ್ಲಿ 25 ಕೋಟಿಯವರೆಗೆ ಅನುದಾನವಿದೆ. ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ತಂತ್ರಜ್ಞಾನ ಅಭಿವೃದ್ಧಿ ನಿಧಿಯ ಮಿತಿಯನ್ನು 2022ರಲ್ಲಿ 10 ಕೋಟಿಯಿಂದ 50 ಕೋಟಿಗೆ ಏರಿಸಲಾಯಿತು. ಐಡೆಕ್ಸ್ ಹಣ ಕೆಲಸದ ಪ್ರತಿ ಹಂತ ಮುಗಿದಂತೆ ಕಂತುಗಳಲ್ಲಿ ಬರುತ್ತದೆ, ಅರ್ಜಿದಾರರೂ ತಮ್ಮ ಪಾಲು ಹೂಡಬೇಕು. ಹಣದ ಬಗ್ಗೆ ಇಷ್ಟು ಸಾಕು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಒಂದೇ: ಅನುದಾನ ಕೋರುವ ಪ್ರಸ್ತಾವನೆಯಲ್ಲಿ, ಮಾಹಿತಿಯನ್ನು ಹೇಗೆ ಕಾಪಾಡುತ್ತೀರಿ ಎಂಬ ಭದ್ರತೆಯ ಭಾಗವನ್ನು ಮೊದಲು ಬರೆಯಿರಿ. ನಾನು ನೋಡಿರುವ ಎಷ್ಟೋ ಕರಡುಗಳಲ್ಲಿ ಹತ್ತಾರು ಪುಟ ತಂತ್ರಜ್ಞಾನದ ವರ್ಣನೆಯಿದ್ದು, ಕಡೆಯಲ್ಲಿ ‘ಮಾಹಿತಿಯನ್ನು ಗೋಪ್ಯವಾಗಿಡಲಾಗುವುದು’ ಎಂಬ ಒಂದು ಸಾಲು ಮಾತ್ರ ಇರುತ್ತದೆ. ಯಾರು ಇಡುತ್ತಾರೆ, ಯಾವ ಯಂತ್ರದಲ್ಲಿ, ಬೀಗದ ಕೈ ಯಾರ ಬಳಿ ಎಂಬುದಕ್ಕೆ ಆ ಸಾಲಿನಲ್ಲಿ ಉತ್ತರವಿಲ್ಲ.

ಇದು ಏಕೆ ಇಷ್ಟು ಮುಖ್ಯವೆಂಬುದಕ್ಕೆ ಅಮೆರಿಕದ ಸೇನೆಯಲ್ಲಿ ನಡೆದ ಘಟನೆಯೊಂದನ್ನು ಹೇಳಲೇಬೇಕು. 2008ರಲ್ಲಿ ಮಧ್ಯಪ್ರಾಚ್ಯದ ಸೇನಾ ನೆಲೆಯೊಂದರಲ್ಲಿ ಯಾರೋ ಒಂದು ಪೆನ್ ಡ್ರೈವನ್ನು ಲ್ಯಾಪ್‌ಟಾಪಿಗೆ ಚುಚ್ಚಿದರು. ಅದರಲ್ಲಿದ್ದ ಕುತಂತ್ರಾಂಶ ಸದ್ದಿಲ್ಲದೆ ಹರಡಿ, ಸಾಮಾನ್ಯ ಕಡತಗಳಿದ್ದ ಜಾಲದ ಜೊತೆಗೆ ರಹಸ್ಯ ಕಡತಗಳಿದ್ದ ಜಾಲವನ್ನೂ ಹೊಕ್ಕಿತು. ರಹಸ್ಯ ಜಾಲ ಇಂಟರ್ನೆಟ್ಟಿನಿಂದ ಬೇರೆಯಾಗಿತ್ತು ಎಂಬುದನ್ನು ಗಮನಿಸಿ. ಗೋಡೆಯನ್ನು ದಾಟಿಸಿದ್ದು ಮನುಷ್ಯನ ಕೈ. ಆ ನವೆಂಬರಿನಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಪೆನ್ ಡ್ರೈವ್ ಬಳಕೆಯನ್ನೇ ನಿಷೇಧಿಸಿತು. ಜಾಲಗಳನ್ನು ಶುದ್ಧಗೊಳಿಸಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 2010ರಲ್ಲಿ ಉಪ ರಕ್ಷಣಾ ಕಾರ್ಯದರ್ಶಿ ವಿಲಿಯಂ ಲಿನ್ ಇದನ್ನು ಬಹಿರಂಗಪಡಿಸಿ, ತಮ್ಮ ಸೇನಾ ಕಂಪ್ಯೂಟರುಗಳಲ್ಲಿ ಅದುವರೆಗೆ ಆದ ಅತ್ಯಂತ ಗಂಭೀರ ಭದ್ರತಾ ಉಲ್ಲಂಘನೆ ಇದೇ ಎಂದರು. ಅದೇ ವರ್ಷ ಅಲ್ಲಿ ಪ್ರತ್ಯೇಕ ಸೈಬರ್ ಕಮಾಂಡ್ ಕಾರ್ಯಾರಂಭ ಮಾಡಿತು.

ಅಷ್ಟು ದೊಡ್ಡ ಸೇನೆಗೇ ಹೀಗಾದ ಮೇಲೆ, ಹಗಲು ಪಾಠಕ್ಕೂ ಸಂಜೆ ಸಂಶೋಧನೆಗೂ ಒಂದೇ ಪ್ರಯೋಗಾಲಯವನ್ನು ಬಳಸುವ ನಮ್ಮ ಕಾಲೇಜುಗಳು ಎಷ್ಟು ಎಚ್ಚರ ವಹಿಸಬೇಕೆಂದು ಯೋಚಿಸಿ. ಆದ್ದರಿಂದ ಮತ್ತೆ ಹೇಳುತ್ತೇನೆ, ಭದ್ರತೆಯನ್ನು ಮೊದಲು ಬರೆಯಿರಿ.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆಯ 2022ರ ನಿರ್ದೇಶನದಂತೆ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು, ಕಂಪ್ಯೂಟರಿನಲ್ಲಿ ನಡೆದದ್ದೆಲ್ಲ ತಾನಾಗಿ ದಾಖಲಾಗುವ ಲಾಗ್ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು. ಈ ಹೊಣೆ ಯಾರದೆಂದು ಹೆಸರು ಸಮೇತ ಬರೆಯಿರಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಪ್ರಬಂಧ ಪ್ರಕಟಿಸುವ ಮೊದಲು ಅನುದಾನ ಕೊಟ್ಟವರ ಒಪ್ಪಿಗೆ ಪಡೆಯಿರಿ. ಬೀಗ ಹಾಕುವ ಪ್ರತ್ಯೇಕ ಕೊಠಡಿ, ಇಂಟರ್ನೆಟ್ ಇಲ್ಲದ ಕಂಪ್ಯೂಟರು, ಪ್ರವೇಶದ ದಾಖಲೆ ಪುಸ್ತಕ, ಇವುಗಳ ವೆಚ್ಚವನ್ನು ಅಂದಾಜುಪಟ್ಟಿಯ ಆರಂಭದಲ್ಲೇ ತೋರಿಸಿ. ಕೊಠಡಿಯ ವಿಷಯವನ್ನು ನಿಮ್ಮ ಪ್ರಾಂಶುಪಾಲರ ಬಳಿ ಅರ್ಜಿ ತುಂಬುವ ಮುನ್ನವೇ ಮಾತನಾಡಿ ಒಪ್ಪಿಸಿಕೊಳ್ಳಿ. ನಮಸ್ಕಾರ.